ಬಲೆ ಕತ್ತರಿಸಿ ಮೀನು ಬಿಡುವವರು

ಪ್ರಶ್ನೆ: ಗುಜರಾತಿನ ಮೀನುಗಾರರು ತಿಮಿಂಗಿಲ ಶಾರ್ಕನ್ನು ಬಿಡಿಸಲು ತಮ್ಮ ಬಲೆಯನ್ನೇ ಕತ್ತರಿಸುತ್ತಾರೆಂದು ಓದಿದೆ. ಸಾಲ ಮಾಡಿ ತಂದ ಬಲೆಯನ್ನು ಯಾರಾದರೂ ಕತ್ತರಿಸುವರೇ? ಇದರಲ್ಲಿ ವಿಜ್ಞಾನಿಗಳ ಪಾತ್ರವೇನು?
– ಓದುಗರೊಬ್ಬರು, ಹೊನ್ನಾವರ

ಉತ್ತರ: ನಿಜವಾಗಿಯೂ ಕತ್ತರಿಸುತ್ತಾರೆ. ಸೌರಾಷ್ಟ್ರದ ತೀರದಲ್ಲಿ ಹೀಗೆ ಬಿಡುಗಡೆಯಾದ ತಿಮಿಂಗಿಲ ಶಾರ್ಕ್‌ಗಳ ಸಂಖ್ಯೆ 900 ದಾಟಿದೆ. ಕಾಲು ಶತಮಾನದ ಹಿಂದೆ ಅಲ್ಲಿನ ವೇರಾವಳ ಬಂದರಿನ ಸುತ್ತಮುತ್ತ ಇದೇ ಮೀನನ್ನು ಕೊಕ್ಕೆ ಹಾಕಿ ಹಿಡಿದು, ಅದು ದಣಿಯಲೆಂದು ಪೀಪಾಯಿಗಳನ್ನು ಕಟ್ಟಿ, ನೂರಾರು ಸಂಖ್ಯೆಯಲ್ಲಿ ದಡಕ್ಕೆ ಎಳೆದು ತರುತ್ತಿದ್ದರು. ಅದರ ಯಕೃತ್ತಿನ ಎಣ್ಣೆಯನ್ನು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ಮಾಂಸ ಹೊರದೇಶಗಳಿಗೆ ಹೋಗುತ್ತಿತ್ತು.

2001ರಲ್ಲಿ ಕೇಂದ್ರ ಸರ್ಕಾರ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ನೀಡುವ ಮೊದಲನೆಯ ಅನುಸೂಚಿಗೆ ಸೇರಿಸಿತು. ಆ ರಕ್ಷಣೆ ಪಡೆದ ಮೊದಲ ಮೀನು ಇದೇ. ಆದರೆ ಅಂಥದೊಂದು ಕಾನೂನು ಬಂದಿರುವುದೇ ಬಂದರಿನ ಬಹಳ ಜನರಿಗೆ ಗೊತ್ತಿರಲಿಲ್ಲ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಸೇರಿ 2004ರಲ್ಲಿ ಆರಂಭಿಸಿದ ಅಭಿಯಾನದಲ್ಲಿ ಕಥಾವಾಚಕ ಮೊರಾರಿ ಬಾಪು ಅವರು ಈ ಮೀನನ್ನು ಹೆರಿಗೆಗೆಂದು ತವರಿಗೆ ಬರುವ ಮಗಳಿಗೆ ಹೋಲಿಸಿದರು. ‘ವ್ಹಾಲಿ’, ಅಂದರೆ ಪ್ರೀತಿಯವಳು, ಎಂಬ ಹೆಸರು ಅಲ್ಲಿ ಮನೆಮಾತಾಯಿತು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಡತೊಡಗಿತು. ಪರಿಹಾರವಿಲ್ಲದೆ ಬಡ ಮೀನುಗಾರನಿಂದ ತ್ಯಾಗವನ್ನು ಕೇಳುವುದು ಅನ್ಯಾಯ; ಆದರೆ ಹಣವೊಂದರಿಂದಲೇ ಇಷ್ಟು ವರ್ಷ ಈ ಕೆಲಸ ನಡೆಯುತ್ತಿರಲಿಲ್ಲವೆಂದು ನಾನು ನಂಬುತ್ತೇನೆ.

ವಿಜ್ಞಾನಿಗಳ ಪಾತ್ರವನ್ನು ಇಲ್ಲಿಯೇ ನೋಡಬೇಕು. ಮೊದಲು ಅಧಿಕಾರಿಗಳು ಬಂದು ನೋಡುವವರೆಗೆ ಮೀನು ಬಲೆಯಲ್ಲೇ ಒದ್ದಾಡಬೇಕಿತ್ತು. ನೀರು ತಡೆಯುವ ಕ್ಯಾಮೆರಾಗಳನ್ನು ಮೀನುಗಾರರಿಗೇ ಕೊಟ್ಟು, ಅವರು ತೆಗೆದ ಚಿತ್ರವನ್ನೇ ಪರಿಹಾರಕ್ಕೆ ಸಾಕ್ಷಿಯೆಂದು ಒಪ್ಪಿದ ಮೇಲೆ ಬಿಡುಗಡೆ ಬೇಗನೆ ಆಗತೊಡಗಿತು. ಹನ್ನೆರಡು ಮೀಟರಿಗೂ ಹೆಚ್ಚು ಬೆಳೆಯಬಲ್ಲ, ಪ್ರೌಢವಾಗಲು ದಶಕಗಳನ್ನೇ ತೆಗೆದುಕೊಳ್ಳುವ ಈ ಜೀವಿ ಎಲ್ಲಿ ಮರಿ ಹಾಕುತ್ತದೆಂಬುದು ಇನ್ನೂ ಸ್ಪಷ್ಟವಾಗಿಲ್ಲದಿರುವಾಗ, ದಿನವೂ ಕಡಲಿಗಿಳಿಯುವವರ ಒಂದೊಂದು ಚಿತ್ರವೂ, ಜಾಗ ಮತ್ತು ಸಮಯದ ಒಂದೊಂದು ಟಿಪ್ಪಣಿಯೂ ಸಂಶೋಧಕರಿಗೆ ಅಮೂಲ್ಯ ಮಾಹಿತಿ. ಮೀನಿನ ಓಡಾಟವನ್ನು ಉಪಗ್ರಹದ ಮೂಲಕ ತಿಳಿಸುವ ಟ್ಯಾಗ್ ಅಳವಡಿಸುವುದಕ್ಕೂ ಮೀನು ಸಿಕ್ಕ ಸುದ್ದಿ ಮೊದಲು ದೋಣಿಯಿಂದಲೇ ಬರಬೇಕು. ದೋಣಿ ನಡೆಸುವ ತಾಂಡೇಲರನ್ನು ಬರಿಯ ‘ಫಲಾನುಭವಿ’ಗಳೆಂದು ಬರೆಯುವ ವರದಿಗಳನ್ನು ಕಂಡಾಗ ನನಗೆ ಬೇಸರವಾಗುವುದು ಇದಕ್ಕೇ.

ಕರ್ನಾಟಕದ ದೋಣಿಗಳಿಗೂ ಅನ್ವಯಿಸುವುದು ಇದೇ ಕಾನೂನು. ನಿಮ್ಮೂರಿನ ಬಲೆಗೆ ಈ ಮೀನು ಸಿಕ್ಕರೆ ಬಾಲಕ್ಕೆ ಹಗ್ಗ ಕಟ್ಟಿ ಎಳೆಯಬಾರದು. ಹಾಗೆ ಮಾಡಿದರೆ ಕಿವಿರುಗಳ ಮೂಲಕ ನೀರು ಸರಿಯಾಗಿ ಹರಿಯದೆ ಅದು ಉಸಿರುಗಟ್ಟಬಹುದು. ನೀರಿನಲ್ಲಿರುವಾಗಲೇ ಬಲೆ ಕತ್ತರಿಸಿ, ಅರಣ್ಯ ಇಲಾಖೆಗೆ ತಿಳಿಸಿ. ಅಪಾಯವಿಲ್ಲದಿದ್ದರೆ ಕಿವಿರುಗಳ ಹಿಂದಿನ ಎಡಮೈಯ ಚಿತ್ರ ತೆಗೆಯಿರಿ: ಅಲ್ಲಿರುವ ಬಿಳಿ ಚುಕ್ಕೆಗಳ ವಿನ್ಯಾಸ ಪ್ರತಿಯೊಂದು ಮೀನಿಗೂ ಬೇರೆಯಾಗಿರುವುದರಿಂದ, ಅದೇ ಮೀನು ಮುಂದೆ ಬೇರೊಂದು ತೀರದಲ್ಲಿ ಕಂಡರೂ ಸಂಶೋಧಕರು ಗುರುತಿಸಬಲ್ಲರು.