ಪ್ರತಿಕ್ರಿಯೆ: ಹೂಗಳ ಕಣಿವೆಯಲ್ಲಿ ಗಿಡ ಕೀಳುವುದೇಕೆ?

ಉತ್ತರಾಖಂಡದ ಹೂಗಳ ಕಣಿವೆಗೆ ಹೋದಾಗ ಕೆಲಸಗಾರರು ಹಸಿರು ಗಿಡಗಳನ್ನು ರಾಶಿರಾಶಿಯಾಗಿ ಕಿತ್ತು ಹಾಕುತ್ತಿದ್ದರು, ರಾಷ್ಟ್ರೀಯ ಉದ್ಯಾನದಲ್ಲಿ ಇದೆಂಥ ಸಂರಕ್ಷಣೆ ಎಂದು ಕೇಳಿದ್ದೀರಿ. ನೀವು ಕಂಡದ್ದು ಬಹುಮಟ್ಟಿಗೆ ಪಾಲಿಗೋನಮ್ ಇರಬೇಕು. ಅದು ಹೊರದೇಶದ ಕಳೆಯಲ್ಲ, ಹಿಮಾಲಯದ್ದೇ ಗಿಡ. ಆದರೆ ಆಳೆತ್ತರಕ್ಕೆ ಬೆಳೆದು ದಟ್ಟ ಪೊದೆಯಾಗಿ, ನೆಲಕ್ಕಂಟಿ ಬೆಳೆಯುವ ಸಣ್ಣ ಹೂಗಿಡಗಳಿಗೆ ಬಿಸಿಲೇ ಸಿಗದಂತೆ ಮಾಡುತ್ತದೆ. ನೆಲದೊಳಗಿನ ಕಾಂಡದಿಂದಲೂ ಚಿಗುರುವುದರಿಂದ ಒಮ್ಮೆ ಕಿತ್ತರೆ ಸಾಲದು, ವರ್ಷ ವರ್ಷವೂ ಕೀಳಬೇಕು. ಬೀಜ ಕಟ್ಟುವ ಮೊದಲೇ ಕಿತ್ತರಷ್ಟೇ ಪ್ರಯೋಜನ.

ಇದು ಇಷ್ಟು ಹಬ್ಬಿದ್ದು ಏಕೆ ಎಂಬುದರಲ್ಲಿ ಜಗಳವಿದೆ. 1982ರಲ್ಲಿ ಉದ್ಯಾನವಾದ ಮೇಲೆ ಕುರಿ ಮೇಯಿಸುವುದು ನಿಂತಿತು, ಅದೇ ಕಾರಣ ಎಂದು ಕೆಲವರು. ಹಿಂದಿನ ದೊಡ್ಡಿಗಳು, ಡೇರೆ ಹಾಕಿದ ಜಾಗಗಳು, ಕುಸಿದ ಇಳಿಜಾರುಗಳಲ್ಲೇ, ಅಂದರೆ ನೆಲ ಕದಡಿದ ಕಡೆಯೇ, ಅದು ಹೆಚ್ಚು ಎಂದು ಇನ್ನು ಕೆಲವರು. ನನಗೆ ಎರಡನೆಯ ವಾದವೇ ಹೆಚ್ಚು ಸರಿಯೆನಿಸುತ್ತದೆ. ಕುರಿಗಳನ್ನು ಮತ್ತೆ ಬಿಟ್ಟರೆ ಅವು ಪಾಲಿಗೋನಮ್ ಒಂದನ್ನೇ ಆರಿಸಿ ತಿನ್ನುವುದಿಲ್ಲವಲ್ಲ!

ಕಲ್ಲು ಹಾಸಿದ ದಾರಿ ಬಿಟ್ಟು ಇಳಿಯಬೇಡಿ ಎಂದು ಕಾವಲುಗಾರರು ಗದರುವುದಕ್ಕೂ ಇದೇ ಕಾರಣ. ಅಲ್ಲಿ ಹಿಮವಿಲ್ಲದ ಕೆಲವೇ ತಿಂಗಳಲ್ಲಿ ಗಿಡ ಮೊಳೆತು, ಅರಳಿ, ಬೀಜವಾಗಬೇಕು. ಫೋಟೋಕ್ಕಾಗಿ ತುಳಿದ ಜಾಗ ಬೇಗ ಚೇತರಿಸಿಕೊಳ್ಳದು. ಕಣಿವೆಯೊಳಗೆ ರಾತ್ರಿ ತಂಗಲು ಅನುಮತಿಯಿಲ್ಲ. ಮುಂದಿನ ಸಲ ಕಣಿವೆಗೆ ಹತ್ತಿರದ ತಂಗುದಾಣವಾದ ಘಾಂಗರಿಯಾದಿಂದ ಬೆಳಿಗ್ಗೆ ಬೇಗ ಹೊರಡಿ, ಕೀಳುವವರು ಸಿಕ್ಕರೆ ಗಿಡವನ್ನು ಗುರುತಿಸುವುದು ಹೇಗೆಂದು ಅವರನ್ನೇ ಕೇಳಿ.