ಪ್ರಕೃತಿಯ ಹೊಣೆ: ಬೌದ್ಧರು ಮತ್ತು ಚೀನಾದ ದಾವೋ ಪಂಥದವರು ಹೇಳುವುದು ಒಂದೇನಾ?

ಪೂರ್ತಿ ಒಂದೇ ಅಲ್ಲ.

ಬೌದ್ಧರಲ್ಲಿ ಮಾತು ಶುರುವಾಗುವುದು ದುಃಖದಿಂದ. ಯಾವುದೂ ಒಂಟಿಯಾಗಿ ಇರುವುದಿಲ್ಲ, ಒಂದರಿಂದಾಗಿ ಇನ್ನೊಂದು ಹುಟ್ಟುತ್ತದೆ, ಹಾಗಾಗಿ ನನ್ನ ಆಸೆಯ ಬಿಸಿ ಬೇರೆ ಜೀವಕ್ಕೂ ತಟ್ಟುತ್ತದೆ. ಭಿಕ್ಷುಗಳು ಗಿಡಮರ ಕಡಿಯಬಾರದು ಅಂತ ಅವರ ನಡತೆಯ ಕಟ್ಟಳೆಯಾದ ವಿನಯದಲ್ಲೇ ನಿಯಮವಿದೆ. ಥಾಯ್ಲೆಂಡಿನಲ್ಲಿ 1980ರ ದಶಕದ ಕೊನೆಯಿಂದ ಕೆಲವು ಭಿಕ್ಷುಗಳು ಕಾಡು ಉಳಿಸಲು ಮರಕ್ಕೇ ಕಾವಿ ಸುತ್ತಿ ದೀಕ್ಷೆ ಕೊಟ್ಟರು. ನಮ್ಮಲ್ಲಿ ನಾಗಬನದ ಮರಕ್ಕೆ ಕತ್ತಿ ಹಾಕಲು ಕೈ ನಡುಗುತ್ತದೆ ಅಲ್ವಾ, ಹೆಚ್ಚುಕಮ್ಮಿ ಅದೇ ಲೆಕ್ಕ.

ದಾವೋದವರ ದಾರಿ ಬೇರೆ, ನನಗೆ ಇದು ಜಾಸ್ತಿ ಹಿಡಿಸಿತು. ಅವರು ಹೇಳುವ 'ವೂ ವೇ' ಅಂದರೆ ಸುಮ್ನೆ ಕೂರುವುದಲ್ಲ, ಬಲವಂತವಿಲ್ಲದೆ ಕೆಲಸ ಮಾಡುವುದು. ನಮ್ಮ ಕಾಸರಗೋಡಿನ ಸುರಂಗ ನೋಡಿ: ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದರೆ ಒಳಗಿನ ಒರತೆ ತಾನಾಗಿ ಹರಿದು ತೋಟಕ್ಕೆ ಬರುತ್ತದೆ, ಪಂಪೂ ಬೇಡ ಕರೆಂಟೂ ಬೇಡ, ಗುಡ್ಡ ಕೊಟ್ಟಷ್ಟೇ ನಮಗೆ. ತೋಡಿದ ಅಜ್ಜಂದಿರಿಗೆ ದಾವೋದವರ ಆದಿಗುರು ಲಾವೋತ್ಸು ಯಾರೆಂದು ಗೊತ್ತಿರಲಿಲ್ಲ, ಅದು ಬೇರೆ ಮಾತು! ಬೋರ್‌ವೆಲ್ ಇದಕ್ಕೆ ಪೂರಾ ಉಲ್ಟಾ. ದಾವೋದವರ ಮೂಲ ಗ್ರಂಥ 'ದಾವೋ ದೆ ಜಿಂಗ್'ನ 25ನೇ ಅಧ್ಯಾಯದಲ್ಲಿ ಮನುಷ್ಯ ಭೂಮಿಯನ್ನು ಅನುಸರಿಸಿ ನಡೆಯುವವನು, ಯಜಮಾನನಲ್ಲ.

ಹಾಗಂತ ಅವರಲ್ಲಿ ಕಟ್ಟುನಿಟ್ಟು ಇಲ್ಲ ಅಂದುಕೊಳ್ಳಬೇಡಿ. ಹಳೆಯ ದಾವೋ ಪಂಥದ 180 ವಿಧಿಗಳಲ್ಲಿ ಸುಮ್ಮಸುಮ್ಮನೆ ಮರ ಕಡಿಯಬಾರದು, ಹೊಳೆ ಕೆರೆಗೆ ವಿಷ ಹಾಕಬಾರದು ಅಂತೆಲ್ಲ ಇದೆ. ಗೇರುತೋಟದ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು ಕಂಡ ನಮಗೆ ಇದು ಹಳೇ ಕಾಲದ ಮಾತು ಅನ್ನಿಸುವುದಿಲ್ಲ.