ಬಾಗಿಲು ತೆರೆಯುವುದು ಗೂಗಲ್, ಖಾತೆ ಪುಸ್ತಕ ನಿಮ್ಮದು

ಪ್ರಶ್ನೆ: ಪಾಂಡವಪುರದ ಹತ್ತಿರ ನಮ್ಮದೊಂದು ಆಲೆಮನೆ ಇದೆ. ಎರಡು ವರ್ಷದಿಂದ ಅಚ್ಚು ಬೆಲ್ಲ, ಉಂಡೆ ಬೆಲ್ಲವನ್ನು ಸ್ವಂತ ಜಾಲತಾಣದಲ್ಲಿ ಮಾರುತ್ತಿದ್ದೇವೆ. ಜಾಲತಾಣ ಕಟ್ಟಿದವಳು ಇಂಜಿನಿಯರಿಂಗ್ ಓದುತ್ತಿರುವ ಮಗಳು. ದಿನಕ್ಕೊಬ್ಬರಾದರೂ ಫೋನ್ ಮಾಡಿ ಪಾಸ್‌ವರ್ಡ್ ಮರೆತಿದೆ ಎನ್ನುತ್ತಾರೆ. ಗೂಗಲ್, ಫೇಸ್‌ಬುಕ್ ಮೂಲಕವೇ ಲಾಗಿನ್ ಆಗುವಂತೆ ಮಾಡೋಣ ಎಂದುಕೊಂಡಿದ್ದೇವೆ. ಲಾಗಿನ್ ಕೆಲಸ ನೋಡಿಕೊಳ್ಳುವ ಗೂಗಲ್‌ನ ಸೇವೆ ಫೈರ್‌ಬೇಸ್ ಸಾಕು ಎನ್ನುತ್ತಾಳೆ ಮಗಳು, ಅಂಥದ್ದೇ ಅಮೆಜಾನ್ ಸೇವೆ ಕಾಗ್ನಿಟೋ ಎನ್ನುತ್ತಾನೆ ಅವಳ ಸಹಪಾಠಿ. ಯಾವುದು ಸರಿ? ಗ್ರಾಹಕರ ಫೇಸ್‌ಬುಕ್ ಪಾಸ್‌ವರ್ಡ್ ನಮ್ಮ ಬಳಿ ಉಳಿದು ನಾಳೆ ತೊಂದರೆಯಾಗುವುದಿಲ್ಲವೇ?
– ಓದುಗರು, ಪಾಂಡವಪುರ

ಉತ್ತರ: ನಿಮ್ಮ ಭಯವನ್ನು ಮೊದಲು ಕಳೆಯುತ್ತೇನೆ. ಆ ಪಾಸ್‌ವರ್ಡ್ ನಿಮ್ಮ ಹತ್ತಿರ ಸುಳಿಯುವುದೇ ಇಲ್ಲ. ಕಬ್ಬಿನ ಲಾರಿ ವೇಬ್ರಿಡ್ಜ್ ಹತ್ತಿ ಇಳಿದಾಗ ಕೈಗೊಂದು ಚೀಟಿ ಬರುತ್ತದಲ್ಲ, ಇದೂ ಹಾಗೆಯೇ. ಗ್ರಾಹಕರು ಪಾಸ್‌ವರ್ಡ್ ಒತ್ತುವುದು ಗೂಗಲ್‌ನ ಪುಟದಲ್ಲಿ. ನಿಮಗೆ ಸಿಗುವುದು ಟೋಕನ್ ಎಂಬ ಚೀಟಿ ಮಾತ್ರ. ಕೊಟ್ಟವರು ಯಾರು, ಯಾವ ಜಾಲತಾಣಕ್ಕಾಗಿ ಕೊಟ್ಟದ್ದು, ಎಷ್ಟು ಹೊತ್ತು ನಡೆಯುತ್ತದೆ ಎಂಬುದೆಲ್ಲ ಅದರಲ್ಲಿರುತ್ತದೆ, ಕೆಳಗೆ ಮೊಹರಿನಂತೆ ಡಿಜಿಟಲ್ ಸಹಿ. 2014ರಲ್ಲಿ ಬಂದ ಓಪನ್‌ಐಡಿ ಕನೆಕ್ಟ್ ಎಂಬ ಮಾನದಂಡ ಈ ಚೀಟಿಯ ನಮೂನೆಯನ್ನು ಗೊತ್ತುಮಾಡಿದೆ.

ಚೀಟಿ ಬಂತೆಂದು ಕಣ್ಣುಮುಚ್ಚಿ ಲಾರಿಯನ್ನು ಒಳಗೆ ಬಿಡುವವರುಂಟೇ? ಮೊಹರು ನೋಡಬೇಕು, ಚೀಟಿ ಬೇರೆ ಆಲೆಮನೆಗೆ ಬರೆದದ್ದೇ ಎಂದೂ ನೋಡಬೇಕು. ಈ ಪರೀಕ್ಷೆ ನಡೆಯಬೇಕಾದದ್ದು ನಿಮ್ಮ ಸರ್ವರ್‌ನಲ್ಲಿ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬ್ರೌಸರ್ ಕಳಿಸಿದ ಇಮೇಲ್ ವಿಳಾಸವನ್ನು ನಂಬಿ ಖಾತೆ ತೆರೆದುಬಿಡುತ್ತಾರೆ. ಬ್ರೌಸರ್‌ನಿಂದ ಯಾರು ಯಾವ ವಿಳಾಸವನ್ನಾದರೂ ಕಳಿಸಬಹುದು. ಟೋಕನ್ನನ್ನೇ ತರಿಸಿಕೊಂಡು, ಅಡ್ಮಿನ್ ಎಸ್‌ಡಿಕೆ ಎಂಬ, ಸರ್ವರ್‌ಗಾಗಿ ಫೈರ್‌ಬೇಸ್ ಕೊಡುವ ಸಿದ್ಧ ಪ್ರೋಗ್ರಾಂನಲ್ಲಿ ಪರೀಕ್ಷಿಸಿ, ಆಮೇಲೆ ಒಳಗೆ ಬಿಡುವಂತೆ ಮಗಳಿಗೆ ಹೇಳಿ.

ಫೈರ್‌ಬೇಸೋ ಕಾಗ್ನಿಟೋವೋ ಎಂಬ ಜಗಳದಲ್ಲಿ ನಾನು ಮಗಳ ಕಡೆ. ನಿಮ್ಮ ಸರ್ವರ್ ಈಗಾಗಲೇ ಅಮೆಜಾನ್‌ನಲ್ಲಿದ್ದರೆ ಕಾಗ್ನಿಟೋ ಸಲೀಸು. ಇಲ್ಲದಿದ್ದರೆ ಆಲೆಮನೆಯ ವ್ಯಾಪಾರಕ್ಕೆ ಫೈರ್‌ಬೇಸ್ ಧಾರಾಳ. ಇನ್ನೊಂದು ಕಾರಣವೂ ಇದೆ: ನಾಳೆ ಬೇರೆ ಕಡೆಗೆ ಹೋಗಬೇಕಾದರೆ ಫೈರ್‌ಬೇಸ್‌ನಿಂದ ಪಾಸ್‌ವರ್ಡ್ ಹ್ಯಾಶ್‌ಗಳನ್ನೂ (ಪಾಸ್‌ವರ್ಡ್‌ಗಳ ಗೂಢರೂಪವನ್ನೂ) ಹೊರತೆಗೆಯಬಹುದು, ಕಾಗ್ನಿಟೋ ಅವನ್ನು ಬಿಟ್ಟುಕೊಡುವುದಿಲ್ಲ. ಯಾವುದನ್ನೇ ಆರಿಸಿದರೂ ಮಗಳ ಕಾಲೇಜಿನ ಇಮೇಲ್‌ನಲ್ಲಿ ಮಾತ್ರ ಪ್ರಾಜೆಕ್ಟ್ ತೆರೆಯಬೇಡಿ. ಓದು ಮುಗಿದು ಆ ಇಮೇಲ್ ಮುಚ್ಚಿಹೋದ ದಿನ ನಿಮ್ಮ ಅಂಗಡಿಯ ಬೀಗದ ಕೈಯೂ ಹೋಗುತ್ತದೆ.

ಈಗ ನಿಜವಾದ ತಲೆನೋವಿಗೆ ಬರೋಣ. ಕೆಲವು ವರ್ಷಗಳ ಹಿಂದೆ ಮೈಸೂರಿನ ಒಂದು ಯೋಗ ತರಗತಿಗೆ ನಾನೇ ಈ ಕೆಲಸ ಮಾಡಿಕೊಟ್ಟಿದ್ದೆ. ಇಮೇಲ್ ವಿಳಾಸವನ್ನೇ ಗ್ರಾಹಕರ ಗುರುತಾಗಿ ಇಟ್ಟುಕೊಂಡೆ. ಒಬ್ಬ ಹಿರಿಯರು ಮೂರು ತಿಂಗಳ ಶುಲ್ಕವನ್ನು ಗೂಗಲ್ ಮೂಲಕ ಬಂದು ಕಟ್ಟಿದ್ದರು. ಮುಂದಿನ ವಾರ ಫೇಸ್‌ಬುಕ್ ಗುಂಡಿ ಒತ್ತಿದರು. ಅವರ ಫೇಸ್‌ಬುಕ್ ಖಾತೆ ಮೊಬೈಲ್ ಸಂಖ್ಯೆಯಿಂದ ತೆರೆದದ್ದು, ಇಮೇಲ್ ಬರಲೇ ಇಲ್ಲ. ನನ್ನ ಪ್ರೋಗ್ರಾಂ ಅವರಿಗೆ ಹೊಸ ಖಾತೆ ಮಾಡಿ 'ಶುಲ್ಕ ಬಾಕಿ' ಎಂದು ತೋರಿಸಿತು. ಬೆಳಿಗ್ಗೆ ಆರು ಗಂಟೆಗೆ ಅವರಿಂದ ಫೋನ್ ಬಂತು. ಯೋಗ ಮಾಡುವವರಿಗೂ ಸಿಟ್ಟು ಬರುತ್ತದೆ.

ಆದ್ದರಿಂದ ಆರ್ಡರ್‌ಗಳನ್ನು ಇಮೇಲ್‌ಗೆ ಕಟ್ಟಬೇಡಿ. ಫೈರ್‌ಬೇಸ್ ಪ್ರತಿಯೊಬ್ಬರಿಗೂ ಯುಐಡಿ ಎಂಬ ಬದಲಾಗದ ಗುರುತು ಕೊಡುತ್ತದೆ, ಅದಕ್ಕೆ ಕಟ್ಟಿ. ಒಂದೇ ಇಮೇಲ್‌ನವರು ಗೂಗಲ್‌ನಲ್ಲಿ ಬಂದು, ಆಮೇಲೆ ಫೇಸ್‌ಬುಕ್‌ನಲ್ಲಿ ಬಂದರೆ ಫೈರ್‌ಬೇಸ್ ಸಾಮಾನ್ಯವಾಗಿ ತಡೆದು ದೋಷ ತೋರಿಸುತ್ತದೆ. ಆ ಇಂಗ್ಲಿಷ್ ದೋಷವನ್ನು ಗ್ರಾಹಕರ ಮುಖಕ್ಕೆ ಹಿಡಿಯಬೇಡಿ. 'ನೀವು ಮೊದಲು ಗೂಗಲ್ ಮೂಲಕ ಬಂದಿದ್ದಿರಿ, ಹಾಗೆಯೇ ಬನ್ನಿ' ಎಂದು ಕನ್ನಡದಲ್ಲಿ ಹೇಳಿ, ಅವರು ಬಂದ ಮೇಲೆ ಎರಡನ್ನೂ ಒಂದೇ ಖಾತೆಗೆ ಸೇರಿಸಿ.

ಹಳೆಯ ಗ್ರಾಹಕರ ವಿಷಯ ಇನ್ನೂ ಸೂಕ್ಷ್ಮ. ನಿಮ್ಮ ಈಗಿನ ಜಾಲತಾಣ ಇಮೇಲ್‌ಗೆ ಕೊಂಡಿ ಕಳಿಸಿ ಖಚಿತಪಡಿಸಿಕೊಂಡಿತ್ತೇ? ಇಲ್ಲವಾದರೆ, ಯಾರದೋ ಇಮೇಲ್ ಕೊಟ್ಟು ಇನ್ಯಾರೋ ಖಾತೆ ತೆರೆದಿರಬಹುದು. ನಿಜವಾದ ಒಡೆಯರು ಗೂಗಲ್ ಮೂಲಕ ಬಂದಾಗ ಆ ಖಾತೆಗೇ ಸೇರಿಸಿದರೆ, ಹಳೆಯ ಪಾಸ್‌ವರ್ಡ್ ಹಿಡಿದವನೂ ಒಳಗೇ ಉಳಿಯುತ್ತಾನೆ. ಖಾತೆ ಸೇರಿಸುವ ಕ್ಷಣದಲ್ಲೇ ಹಳೆಯ ಪಾಸ್‌ವರ್ಡನ್ನು ರದ್ದುಮಾಡಿ, ಎಲ್ಲ ಹಳೆಯ ಲಾಗಿನ್‌ಗಳನ್ನೂ ಹೊರಹಾಕಿ. ಹಳೆಯ ವಿಳಾಸ, ಫೋನ್ ಸಂಖ್ಯೆ ಸರಿಯಿದೆಯೇ ಎಂದೂ ಕೇಳಿ.

ನಿಮ್ಮ ಗ್ರಾಹಕರು ಇನ್‌ಸ್ಟಾಗ್ರಾಂನಲ್ಲಿ ಬೆಲ್ಲದ ಚಿತ್ರ ನೋಡಿ ಅಲ್ಲಿಂದಲೇ ಕೊಂಡಿ ಒತ್ತಿ ಬರುತ್ತಾರೆಯೇ? ಹಾಗಿದ್ದರೆ ಇದನ್ನು ಗಮನಿಸಿ. ಆ ಆಪ್‌ನ ಹೊಟ್ಟೆಯೊಳಗೇ ತೆರೆದುಕೊಳ್ಳುವ ಪುಟದಲ್ಲಿ ಗೂಗಲ್ ಲಾಗಿನ್ ಆಗಲು ಬಿಡುವುದಿಲ್ಲ, 403 ಎಂಬ ದೋಷ ಬರುತ್ತದೆ. ಪುಟವನ್ನು ತೋರಿಸುತ್ತಿರುವ ಆಪ್ ಪಾಸ್‌ವರ್ಡ್ ಕದಿಯಬಾರದು ಎಂಬುದು ಕಾರಣ. 'ಕ್ರೋಮ್‌ನಲ್ಲಿ ತೆರೆಯಿರಿ' ಎಂಬ ಸೂಚನೆಯನ್ನು ಗುಂಡಿಯ ಪಕ್ಕದಲ್ಲೇ ಹಾಕಿ. ಗ್ರಾಹಕರನ್ನು ಗೂಗಲ್‌ನ ಪುಟಕ್ಕೆ ಕಳಿಸಿ ವಾಪಸ್ ಕರೆತರುವ ಫೈರ್‌ಬೇಸ್‌ನ ರೀಡೈರೆಕ್ಟ್ ವಿಧಾನ ಬಳಸುವುದಾದರೆ, ಅದರ ಲಾಗಿನ್ ಪುಟ ಫೈರ್‌ಬೇಸ್‌ನ ವಿಳಾಸದಲ್ಲಿರದೆ ನಿಮ್ಮದೇ ಡೊಮೇನ್‌ನಲ್ಲಿ, ಅಂದರೆ ನಿಮ್ಮ ಜಾಲತಾಣದ ವಿಳಾಸದಲ್ಲಿರಲಿ. ಇಲ್ಲದಿದ್ದರೆ ಸಫಾರಿ 16.1, ಫೈರ್‌ಫಾಕ್ಸ್ 109, ಕ್ರೋಮ್ 115 ಮತ್ತು ಅವುಗಳ ನಂತರದ ಬ್ರೌಸರ್‌ಗಳಲ್ಲಿ ಲಾಗಿನ್ ಕೈಕೊಡುತ್ತದೆ. ಹೀಗೆ ಮಾಡಿದರೆ ಗೂಗಲ್‌ನ ಅನುಮತಿ ಪುಟದಲ್ಲಿಯೂ ಅಪರಿಚಿತ ವಿಳಾಸದ ಬದಲು ನಿಮ್ಮ ಜಾಲತಾಣದ ವಿಳಾಸ ಕಾಣುತ್ತದೆ.

ಫೇಸ್‌ಬುಕ್ ಬೇಕೇ? ನನ್ನನ್ನು ಕೇಳಿದರೆ ಸದ್ಯಕ್ಕೆ ಬೇಡ. ಖಾಸಗಿತನದ ನೀತಿಯ ಪುಟ, ಮಾಹಿತಿ ಅಳಿಸುವ ವಿಧಾನದ ಪುಟ, ಎಲ್ಲವನ್ನೂ ಕೊಡಬೇಕು. ಅಷ್ಟು ಮಾಡಿದರೂ ಇಮೇಲ್ ಸಿಗುವ ಭರವಸೆಯಿಲ್ಲ. ಗೂಗಲ್ ಜೊತೆಗೆ ಮೊಬೈಲ್ ಒಟಿಪಿ ಇಡಿ. ಎಸ್‌ಎಂಎಸ್‌ಗೆ ಖರ್ಚಾಗುತ್ತದೆ ನಿಜ, ಆದರೆ ಕೊರಿಯರ್‌ನವರಿಗೆ ಫೋನ್ ಸಂಖ್ಯೆ ಹೇಗೂ ಬೇಕು. ಗೂಗಲ್ ಲಾಗಿನ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಹೆಸರು, ಇಮೇಲ್, ಭಾವಚಿತ್ರ ಅಷ್ಟೇ.

ಸಂಕ್ರಾಂತಿಗೆ ಎಳ್ಳು ಬೆಲ್ಲದ ಆರ್ಡರ್‌ಗಳು ಮುಗಿಬೀಳುವ ಹೊತ್ತಿನಲ್ಲಿ ಮಾತ್ರ ಈ ಬದಲಾವಣೆಗೆ ಕೈಹಾಕಬೇಡಿ. ಹಬ್ಬ ಕಳೆದ ಮೇಲೆ ಶುರುಮಾಡಿ, ಇನ್ನೂ ಖಾತೆ ಸೇರಿಸದವರಿಗಾಗಿ ಹಳೆಯ ಪಾಸ್‌ವರ್ಡ್ ದಾರಿಯನ್ನೂ ಎರಡು ಮೂರು ತಿಂಗಳು ತೆರೆದಿಡಿ.